ಆರ್‌ವಿ ತಗೊಂಡು ಕೆನಡಾಗೆ ಹೋಗಬಹುದಾ?

ಬೇಸಿಗೆ ಹತ್ತಿರ ಬಂತೆಂದರೆ ಅಮೆರಿಕದಲ್ಲಿರುವ ಕನ್ನಡಿಗರಿಂದ ಈ ಪ್ರಶ್ನೆ ತಪ್ಪದೆ ಬರುತ್ತದೆ. ಸಿಯಾಟಲ್ ಕಡೆಯವರಿಗೆ ಬ್ಯಾನ್ಫ್ ನೋಡುವ ಆಸೆ, ಬಫಲೋ ಕಡೆಯವರಿಗೆ ನಯಾಗರದ ಆಚೆ ದಡ, ಅಲ್ಲಿಂದ ಮುಂದೆ ಟೊರಾಂಟೊ, ಮಾಂಟ್ರಿಯಲ್. ಊರಿಂದ ಅಪ್ಪ ಅಮ್ಮ ಬಂದಿರುತ್ತಾರೆ, ಹೊರಗಿನ ಊಟ ಅವರಿಗೆ ಒಗ್ಗುವುದಿಲ್ಲ, ಒಲೆ ಫ್ರಿಜ್ ಹಾಸಿಗೆ ಎಲ್ಲ ಇರುವ ಆರ್‌ವಿ, ಅಂದರೆ ಮನೆಯಂಥ ಗಾಡಿಯೇ ವಾಸಿ ಎಂಬ ಲೆಕ್ಕಾಚಾರ. ಪ್ರಶ್ನೆಯ ಜೊತೆಗೆ ಅದರ ಬಾಲವೂ ಬರುತ್ತದೆ: "ಗಾಡಿಗೆ ಬೇರೆ ಪರ್ಮಿಟ್ ಬೇಕಾ? ಒಳಗೆಲ್ಲಾ ಬಂದು ನೋಡ್ತಾರಾ?"

ಹೋಗಬಹುದು. ಪ್ರವಾಸಿಯಾಗಿ ಹೋಗುವವರು ಗಾಡಿಗೆಂದು ಮುಂಚಿತವಾಗಿ ಪರ್ಮಿಟ್ ತೆಗೆಯಬೇಕಿಲ್ಲ. ಒಳಗೆ ಬಂದು ನೋಡುವುದುಂಟು. ಗಡಿಯಲ್ಲಿ ಆರ್‌ವಿಯವರಿಗೆ ತೊಂದರೆ ಕೊಡುವುದು ಗಾಡಿಯಲ್ಲ, ಗಾಡಿಯೊಳಗಿನ ಮನೆ. ಕಾರಿನ ಡಿಕ್ಕಿ ತೆಗೆದರೆ ಎರಡು ಸೂಟ್‌ಕೇಸ್. ಇದರಲ್ಲಿ ಫ್ರಿಜ್, ಮಸಾಲೆ ಡಬ್ಬಿ, ಔಷಧಿ ಪೆಟ್ಟಿಗೆ, ಸೌದೆ, ಎಲ್ಲವೂ ಗಡಿ ದಾಟುತ್ತವೆ. ಆದರೆ ಅದಕ್ಕೂ ಮೊದಲು ಒಳಗೆ ಕೂತವರ ಕಾಗದ ಪತ್ರ. ಪ್ರವಾಸವೇ ರದ್ದಾಗುವುದು ಅಲ್ಲಿ.

ಭಾರತದ ಪಾಸ್‌ಪೋರ್ಟ್ ಇದ್ದು ಅಮೆರಿಕದಲ್ಲಿ ಎಚ್‌-1ಬಿ (ಕೆಲಸದ್ದು), ಎಫ್‌-1 (ಓದಿನದು), ಬಿ-2 (ಪ್ರವಾಸದ್ದು) ಹೀಗೆ ಯಾವುದೇ ವೀಸಾದ ಮೇಲಿದ್ದರೂ ಕೆನಡಾದ ವಿಸಿಟರ್ ವೀಸಾ ಬೇಕೇ ಬೇಕು. ಅದನ್ನು ಗಡಿಯಲ್ಲಿ ಕೊಡುವುದಿಲ್ಲ. ಊರಿಂದ ಬಂದ ಅಪ್ಪ ಅಮ್ಮನಿಗೂ ಇದೇ ನಿಯಮ. ಅಮೆರಿಕದ ವೀಸಾ ಇದೆಯಲ್ಲ ಸಾಕು ಎಂದುಕೊಂಡು ಬುಕಿಂಗ್ ಮಾಡಿಬಿಡುವವರು ಬಹಳ. ಬಯೊಮೆಟ್ರಿಕ್ಸ್ (ಬೆರಳಚ್ಚು, ಫೋಟೊ) ಕೊಟ್ಟು, ಪಾಸ್‌ಪೋರ್ಟ್ ಕಳಿಸಿ ಸ್ಟಾಂಪ್ ಆಗಿ ಬರುವುದಕ್ಕೆ ವಾರಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಮೊದಲು ವೀಸಾ, ಆಮೇಲೆ ಆರ್‌ವಿ ಬುಕಿಂಗ್. ಗ್ರೀನ್ ಕಾರ್ಡ್ ಇರುವವರಿಗೆ ವೀಸಾ ಬೇಡ, ಆದರೆ ಕಾರ್ಡ್ ಮತ್ತು ಅವಧಿ ಮುಗಿಯದ ಪಾಸ್‌ಪೋರ್ಟ್ ಎರಡೂ ಕೈಯಲ್ಲಿರಬೇಕು. ಅಮೆರಿಕದಲ್ಲಿ ಹುಟ್ಟಿದ ಮಕ್ಕಳು 16 ವರ್ಷದೊಳಗಿದ್ದರೆ ರಸ್ತೆ ಗಡಿಯಲ್ಲಿ ಜನನ ಪ್ರಮಾಣಪತ್ರ ನಡೆಯುತ್ತದೆ. ಪಾಸ್‌ಪೋರ್ಟ್ ಇದ್ದರೆ ಮಾತು ಕಡಿಮೆ. ತಂದೆ ತಾಯಿಯಲ್ಲಿ ಒಬ್ಬರೇ ಮಕ್ಕಳನ್ನು ಕರೆದುಕೊಂಡು ಹೊರಟಿದ್ದರೆ ಇನ್ನೊಬ್ಬರ ಸಹಿ ಮಾಡಿದ ಒಪ್ಪಿಗೆ ಪತ್ರ, ಅದರಲ್ಲಿ ಅವರ ಫೋನ್ ನಂಬರ್ ಇರಲಿ. ಯಾರ ಮೇಲಾದರೂ ಕುಡಿದು ಗಾಡಿ ಓಡಿಸಿದ ಹಳೇ ಕೇಸಿದ್ದರೆ ಅದನ್ನು ಹಗುರವಾಗಿ ಎಣಿಸಬೇಡಿ. 2018ರ ಡಿಸೆಂಬರ್‌ನಿಂದ ಕೆನಡಾ ಅದಕ್ಕೆ ಗರಿಷ್ಠ 10 ವರ್ಷ ಶಿಕ್ಷೆಯಿಟ್ಟು ಗಂಭೀರ ಅಪರಾಧದ ಸಾಲಿಗೆ ಸೇರಿಸಿದೆ. ಒಂದೇ ಒಂದು ಕೇಸಾದರೂ ವಾಪಸ್ ಕಳಿಸಬಹುದು.

ಎಚ್‌-1ಬಿಯವರ ತಲೆನೋವು ಬೇರೆ. ಪಾಸ್‌ಪೋರ್ಟಿನಲ್ಲಿರುವ ಅಮೆರಿಕದ ವೀಸಾ ಸ್ಟಾಂಪ್ ಮುಗಿದಿದೆ, ಎಕ್ಸ್‌ಟೆನ್ಷನ್ ಮಾತ್ರ ಅಪ್ರೂವ್ ಆಗಿದೆ. ವಾಪಸ್ ಬಿಡುತ್ತಾರಾ? ಆಟೊಮ್ಯಾಟಿಕ್ ರಿವ್ಯಾಲಿಡೇಷನ್ ಎಂಬ ನಿಯಮ ಇದಕ್ಕೇ ಇರುವುದು. ಕೆನಡಾ ಅಥವಾ ಮೆಕ್ಸಿಕೊಗೆ ಮಾತ್ರ ಹೋಗಿ 30 ದಿನದೊಳಗೆ ಹಿಂದಿರುಗಿದರೆ, ಐ-94 (ಅಮೆರಿಕದಲ್ಲಿ ಎಲ್ಲಿಯವರೆಗೆ ಇರಬಹುದು ಎಂದು ತೋರಿಸುವ ದಾಖಲೆ) ಇನ್ನೂ ಚಾಲ್ತಿಯಲ್ಲಿದ್ದರೆ, ಸ್ಟಾಂಪ್ ಮುಗಿದಿದ್ದರೂ ಒಳಗೆ ಬರಬಹುದು. ಇದರಲ್ಲಿ ಎರಡು ಕಡೆ ಜಾರುತ್ತದೆ. ಒಂದು, ಕೆನಡಾಗೆ ಹೋಗಿದ್ದೇವಲ್ಲ ಅಂತ ಅಲ್ಲಿಯೇ ಹೊಸ ಸ್ಟಾಂಪಿಂಗ್‌ಗೆ ಅರ್ಜಿ ಹಾಕಿದರೆ ಈ ಅನುಕೂಲ ಅಲ್ಲಿಗೇ ಮುಗಿಯಿತು, ವೀಸಾ ಬರುವ ತನಕ ಅಲ್ಲೇ ಕಾಯಬೇಕು. ಇನ್ನೊಂದು, ಐ-94 ಪ್ರಿಂಟ್. ಅಮೆರಿಕದೊಳಗೇ ಎಕ್ಸ್‌ಟೆನ್ಷನ್ ಆಗಿದ್ದರೆ ಹೊಸ ಐ-94 ಇರುವುದು ಎಕ್ಸ್‌ಟೆನ್ಷನ್ ಅಪ್ರೂವ್ ಆದದ್ದಕ್ಕೆ ಕೊಡುವ ಐ-797 ಹಾಳೆಯ ಕೆಳತುದಿಯಲ್ಲಿ. ಆನ್‌ಲೈನಿನಲ್ಲಿ ತೆಗೆದರೆ ಹಳೆಯ ದಿನಾಂಕ ತೋರಿಸಬಹುದು. ಆ ಹಾಳೆಯ ಮೂಲಪ್ರತಿಯೇ ಜೊತೆಗಿರಲಿ. ಎಫ್‌-1ನವರು ಕಾಲೇಜು ಕೊಡುವ ಐ-20 ಪತ್ರದಲ್ಲಿ ಪ್ರಯಾಣದ ಸಹಿ ಹಾಕಿಸಿಕೊಳ್ಳಿ. ಅಪ್ಪ ಅಮ್ಮ ಕೆನಡಾ ಮುಟ್ಟಿಬಂದರೆ ಮತ್ತೆ ಆರು ತಿಂಗಳು ಸಿಗುತ್ತದೆ ಎಂಬ ಮಾತು ಓಡಾಡುತ್ತಿರುತ್ತದೆ. ಸಣ್ಣ ಪ್ರವಾಸಕ್ಕೆ ಸಾಮಾನ್ಯವಾಗಿ ಹಳೆಯ ಐ-94ರ ಮೇಲೇ ಬಿಡುತ್ತಾರೆ, ಆರು ತಿಂಗಳ ಲೆಕ್ಕ ಹಾಕಿಕೊಂಡು ರಿಟರ್ನ್ ಟಿಕೆಟ್ ಮುಂದೆ ಹಾಕಬೇಡಿ.

ಇನ್ನು ಗಾಡಿಯ ಕಾಗದ. ಬಾಡಿಗೆ ಗಾಡಿಯಾದರೆ ಕರಾರಿನಲ್ಲಿ ಕೆನಡಾಗೆ ಒಯ್ಯಬಹುದು ಎಂದು ಬರೆದಿರಬೇಕು. "ಪರವಾಗಿಲ್ಲ ಹೋಗಿ" ಅಂತ ಕೌಂಟರಿನಲ್ಲಿ ಬಾಯಲ್ಲಿ ಹೇಳಿದ್ದು ಅಪಘಾತದ ದಿನ ಕೆಲಸಕ್ಕೆ ಬರುವುದಿಲ್ಲ. ಸ್ನೇಹಿತರ ಗಾಡಿಯಾದರೆ ಮಾಲೀಕರ ಸಹಿಯಿರುವ ಪತ್ರ, ರಿಜಿಸ್ಟ್ರೇಷನ್. ಹಿಂದೆ ಕಾರು ಎಳೆದುಕೊಂಡು ಹೋಗುತ್ತಿದ್ದರೆ ಅದರ ಕಾಗದಗಳೂ ಬೇಕು. ಇನ್ಶೂರೆನ್ಸ್ ಕಂಪನಿಗೆ ಫೋನ್ ಮಾಡಿ ಕೆನಡಾದ ನಾನ್‌-ರೆಸಿಡೆಂಟ್ ಲಯಬಿಲಿಟಿ (ನಿಮ್ಮಿಂದ ಇನ್ನೊಬ್ಬರಿಗೆ ಆದ ನಷ್ಟ ತುಂಬುವ ವಿಮೆ) ಕಾರ್ಡ್ ಕೇಳಿ. ಸಾಮಾನ್ಯವಾಗಿ ಪುಕ್ಕಟೆ ಕಳಿಸುತ್ತಾರೆ. ಹೆಚ್ಚಿನ ಪ್ರಾಂತ್ಯಗಳಲ್ಲಿ ಕನಿಷ್ಠ 2,00,000 ಕೆನಡಿಯನ್ ಡಾಲರ್‌ಗಳ ಲಯಬಿಲಿಟಿ ಕಡ್ಡಾಯ. ನಿಮ್ಮ ಪಾಲಿಸಿ ಅಷ್ಟಕ್ಕೆ ಒಪ್ಪುತ್ತದೆ ಎಂದು ಪೊಲೀಸರಿಗೆ ತೋರಿಸುವುದು ಈ ಕಾರ್ಡ್. ಮತ್ತೊಂದು ವಿಷಯ ಯಾರಿಗೂ ಹೊಳೆಯುವುದಿಲ್ಲ: ಟೊರಾಂಟೊದಲ್ಲಿ ಭಾವ ಇದ್ದಾನೆ, ಎರಡು ದಿನ ಅವನೇ ಓಡಿಸಿಕೊಂಡು ಹೋಗಲಿ ಎಂದು ಬೀಗದ ಕೈ ಕೊಟ್ಟುಬಿಡಬೇಡಿ. ಪ್ರವಾಸಿ ತಂದ ವಿದೇಶಿ ನಂಬರಿನ ಗಾಡಿಯನ್ನು ಕೆನಡಾದ ನಿವಾಸಿ ತನ್ನ ಪಾಡಿಗೆ ಬಳಸಿದರೆ ಅದು ಆಮದು ನಿಯಮದ ಉಲ್ಲಂಘನೆ, ಗಾಡಿಯನ್ನೇ ಹಿಡಿದಿಟ್ಟುಕೊಳ್ಳಬಹುದು.

ಈಗ ಒಳಗಿನ ಮನೆಗೆ ಬರೋಣ. ಹೊರಡುವ ಹಿಂದಿನ ದಿನ ಫ್ರಿಜ್, ಕಪಾಟು, ಹೊರಗಿನ ಸ್ಟೋರೇಜ್ ಬಾಗಿಲುಗಳನ್ನೆಲ್ಲ ತೆಗೆದು ಏನಿದೆ ಎಂದು ಚೀಟಿ ಬರೆಯಿರಿ. ಬಾಡಿಗೆ ಗಾಡಿಯಾದರಂತೂ ಹಿಂದಿನವರು ಬಿಟ್ಟುಹೋದದ್ದು ಯಾವುದಾದರೂ ಮೂಲೆಯಲ್ಲಿ ಇದ್ದೇ ಇರುತ್ತದೆ. ಗಡಿಯಲ್ಲಿ ಅದು ನಿಮ್ಮದೇ. ಅಕ್ಕಿ, ಬೇಳೆ, ರವೆ ಅಂಗಡಿಯ ಪ್ಯಾಕೆಟ್ಟಿನಲ್ಲೇ ಇರಲಿ. ಲೇಬಲ್ ಇಲ್ಲದ ಜಿಪ್‌ಲಾಕ್ ಚೀಲದಲ್ಲಿ ಬಿಳಿ ಅಕ್ಕಿಹಿಟ್ಟು, ಇನ್ನೊಂದರಲ್ಲಿ ಕಂದು ಬಣ್ಣದ ಸಾರಿನ ಪುಡಿ ಕಂಡರೆ ಬಿಚ್ಚಿ ನೋಡದ ಆಫೀಸರ್ ಇಲ್ಲ. ಔಷಧಿ ಹೆಸರು ಅಂಟಿಸಿದ ಮೂಲ ಬಾಟಲಿಯಲ್ಲಿರಲಿ. ಅಪ್ಪನ ಬಿಪಿ ಮಾತ್ರೆಯನ್ನು ವಾರದ ಡಬ್ಬಿಗೆ ಹಾಕಿಟ್ಟಿದ್ದರೂ ಜೊತೆಗೆ ಪ್ರಿಸ್ಕ್ರಿಪ್ಷನ್ ಇಟ್ಟುಕೊಳ್ಳಿ. ಮಣ್ಣಿರುವ ಕುಂಡ ಬೇಡ.

ಸೌದೆ ಒಂದು ತುಂಡೂ ಬೇಡ. ಎಮರಾಲ್ಡ್ ಆಶ್ ಬೋರರ್ ಎಂಬ ಹಸಿರು ಜೀರುಂಡೆ ತೊಗಟೆಯ ಕೆಳಗೆ ಮರಿಮಾಡಿ ಆಶ್ ಮರಗಳನ್ನು ಕೊಲ್ಲುತ್ತದೆ. ಉತ್ತರ ಅಮೆರಿಕದಲ್ಲಿ ಅದು ಮೊದಲು ಕಂಡದ್ದು 2002ರಲ್ಲಿ, ಡೆಟ್ರಾಯ್ಟ್ ಮತ್ತು ವಿಂಡ್ಸರ್ ಸುತ್ತಮುತ್ತ. ದೂರದೂರಕ್ಕೆ ಹಬ್ಬಿದ್ದು ಬಹುಪಾಲು ಜನ ಸಾಗಿಸಿದ ಸೌದೆಯ ಜೊತೆ. ಎಲ್ಲಿ ಉರಿಸುತ್ತೀರೋ ಅಲ್ಲೇ ಕೊಳ್ಳಿ.

ಮದ್ಯ ತಲೆಗೆ ಇಷ್ಟು: 1.5 ಲೀಟರ್ ವೈನ್, ಇಲ್ಲವೇ 1.14 ಲೀಟರ್ ವಿಸ್ಕಿಯಂಥದ್ದು, ಇಲ್ಲವೇ 8.5 ಲೀಟರ್ ಬಿಯರ್. ಮೂರರಲ್ಲಿ ಒಂದು, ಮೂರೂ ಅಲ್ಲ. ವಯಸ್ಸಿನ ಮಿತಿ ಆಲ್ಬರ್ಟಾ, ಮ್ಯಾನಿಟೋಬ, ಕ್ವಿಬೆಕ್‌ನಲ್ಲಿ 18, ಉಳಿದೆಡೆ 19. ಗಾಂಜಾ ವಾಷಿಂಗ್ಟನ್ ರಾಜ್ಯದಲ್ಲೂ ಕಾನೂನುಬದ್ಧ, ಕೆನಡಾದಲ್ಲೂ 2018ರ ಅಕ್ಟೋಬರ್ 17ರಿಂದ ಕಾನೂನುಬದ್ಧ. ನಡುವಿನ ಗೆರೆ ದಾಟಿಸುವುದು ಮಾತ್ರ ಎರಡೂ ದಿಕ್ಕಿನಲ್ಲಿ ಅಪರಾಧ. ವೀಸಾದ ಮೇಲಿರುವವರಿಗೆ ಇದರ ಕಲೆ ಜೀವನಪೂರ್ತಿ ಹೋಗುವುದಿಲ್ಲ. ಕೀಚೈನಿಗೆ ಸಿಕ್ಕಿಸಿಕೊಳ್ಳುವ ಪೆಪ್ಪರ್ ಸ್ಪ್ರೇ ಕೆನಡಾದಲ್ಲಿ ನಿಷೇಧಿತ ಆಯುಧ, ಆದರೆ ಪ್ರಾಣಿಗಳಿಗೆಂದು ಲೇಬಲ್ ಇರುವ ಕರಡಿ ಸ್ಪ್ರೇ ಒಯ್ಯಬಹುದು. ಬಂದೂಕಿನ ವಿಷಯಕ್ಕೆ ಹೋಗುವುದೇ ಬೇಡ, ಮನೆಯಲ್ಲಿ ಬಿಡಿ.

ಯಾವ ದಾರಿ ಹಿಡಿಯಬೇಕು ಎನ್ನುವುದರಲ್ಲಿ ಗಾಡಿಯ ಗಾತ್ರದ ಮಾತು ಬರುತ್ತದೆ. ವ್ಯಾಂಕೂವರ್ ಕಡೆಗೆ ಎಲ್ಲರೂ ಐ-5 ಹೆದ್ದಾರಿಯ ತುದಿಯ ಪೀಸ್ ಆರ್ಚ್‌ಗೆ ನುಗ್ಗುತ್ತಾರೆ. ಅದರ ಪಕ್ಕದ ಪೆಸಿಫಿಕ್ ಹೈವೇ ಗಡಿ ಲಾರಿಗಳು ಓಡಾಡುವ ಜಾಗ, ಅಗಲವಾದ ಗಾಡಿಗೆ ಆರಾಮ. ಒಳನಾಡಿಗೆ ಹೋಗುವವರಿಗೆ ಸುಮಸ್ ಇನ್ನೂ ವಾಸಿ. ಮೊಂಟಾನಾದಿಂದ ಬ್ಯಾನ್ಫ್‌ಗಾದರೆ ರೂಸ್‌ವಿಲ್ 24 ಗಂಟೆಯೂ ತೆರೆದಿರುತ್ತದೆ. ನಕ್ಷೆಯಲ್ಲಿ ಚಂದ ಕಾಣುವ ಚೀಫ್ ಮೌಂಟನ್ ಗಡಿ ಬೇಸಿಗೆಯಲ್ಲಿ ಮಾತ್ರ, ಅದೂ ಹಗಲು ಹೊತ್ತು. ದಾರಿಯಲ್ಲಿ ಗ್ಲೇಸಿಯರ್ ಪಾರ್ಕಿನ ಗೋಯಿಂಗ್‌-ಟು-ದ-ಸನ್ ರಸ್ತೆಗೆ ಆರ್‌ವಿ ತಿರುಗಿಸುವ ಆಸೆಯಿದ್ದರೆ ಬಿಡಿ. ಅವಲಾಂಚ್‌ನಿಂದ ರೈಸಿಂಗ್ ಸನ್‌ವರೆಗೆ 21 ಅಡಿಗಿಂತ ಉದ್ದ ಅಥವಾ ಕನ್ನಡಿ ಸೇರಿ 8 ಅಡಿಗಿಂತ ಅಗಲದ ಗಾಡಿ ಬಿಡುವುದಿಲ್ಲ. ನಯಾಗರದಲ್ಲಿ ರೇನ್‌ಬೋ ಸೇತುವೆ ದಾಟಿದರೆ ನೇರ ಜನಜಂಗುಳಿಯ ಬೀದಿಗೆ ಬೀಳುತ್ತೀರಿ, ಅಲ್ಲಿ 30 ಅಡಿ ಗಾಡಿ ನಿಲ್ಲಿಸಲು ಜಾಗ ಹುಡುಕುವುದು ಶಿಕ್ಷೆ. ಲೂಯಿಸ್ಟನ್–ಕ್ವೀನ್‌ಸ್ಟನ್ ಸೇತುವೆಯಿಂದ ಹೈವೇಯಿಂದ ಹೈವೇಗೇ ಹೋಗಬಹುದು. ವರ್ಲ್‌ಪೂಲ್ ಸೇತುವೆ ನೆಕ್ಸಸ್, ಅಂದರೆ ಮುಂಚಿತವಾಗಿ ಪರಿಶೀಲನೆಯಾದ ಪ್ರಯಾಣಿಕರಿಗೆ ಕೊಡುವ ಕಾರ್ಡ್ ಇರುವವರಿಗೆ ಮಾತ್ರ; ನೆಕ್ಸಸ್ ಸಾಲು ಎಲ್ಲೇ ಆದರೂ ಗಾಡಿಯಲ್ಲಿರುವ ಒಬ್ಬೊಬ್ಬರಿಗೂ ಕಾರ್ಡ್ ಬೇಕು. ಡೆಟ್ರಾಯ್ಟ್‌ನಲ್ಲಿ ಸುರಂಗ ಬಿಡಿ, ಸೇತುವೆ ಹಿಡಿಯಿರಿ. ಜುಲೈ 1 ಕೆನಡಾ ಡೇ, ಜುಲೈ 4 ಅಮೆರಿಕದ ಹಬ್ಬ, ಸೆಪ್ಟೆಂಬರಿನ ಮೊದಲ ಸೋಮವಾರ ಎರಡೂ ದೇಶಕ್ಕೆ ರಜೆ. ಆ ವಾರಾಂತ್ಯಗಳಲ್ಲಿ ಸಾಲು ನೋಡಿದರೆ ಸಾಕಾಗುತ್ತದೆ.

ಬೂತ್ ಹತ್ತಿರ ಬರುವಾಗ ಸೂಚನಾ ಫಲಕ ನೋಡಿ ಆರ್‌ವಿ, ಬಸ್ಸಿನ ಸಾಲಿಗೆ ಸೇರಿ. ಜನರೇಟರ್ ಆಫ್, ಪ್ರೊಪೇನ್ ವಾಲ್ವ್ ಬಂದ್. ಪಾಸ್‌ಪೋರ್ಟ್‌ಗಳೆಲ್ಲ ಒಬ್ಬರ ಕೈಯಲ್ಲಿ, ಕವರಿನಿಂದ ಹೊರಗೆ. ಎಲ್ಲರೂ ಸೀಟಿನಲ್ಲಿ ಬೆಲ್ಟ್ ಹಾಕಿ ಕೂತಿರಲಿ. ಅಜ್ಜಿ ಹಿಂದಿನ ಹಾಸಿಗೆಯಲ್ಲಿ ಮಲಗಿದ್ದಾರೆ, ಮಗಳು ಬಾತ್‌ರೂಮಿನಲ್ಲಿದ್ದಾಳೆ ಎಂದರೆ ತಲೆ ಎಣಿಸಲು ಆಫೀಸರ್ ಒಳಗೆ ಹತ್ತಲೇಬೇಕು. ಕೇಳುವುದು ನಾಲ್ಕೈದು ಮಾತು: ಎಲ್ಲಿ ವಾಸ, ಎಲ್ಲಿಗೆ, ಎಷ್ಟು ದಿನ, ಮದ್ಯ ತಂಬಾಕು ಆಯುಧ ಏನಿದೆ, ಕೆನಡಾದಲ್ಲೇ ಬಿಟ್ಟುಬರುವಂಥದ್ದು ಏನಾದರೂ ಇದೆಯೆ. ಕೇಳಿದಷ್ಟಕ್ಕೆ ಉತ್ತರ. ಡ್ರೈವರ್ ಮಾತಾಡುವಾಗ ಹಿಂದಿನಿಂದ ಕನ್ನಡದಲ್ಲಿ ತಿದ್ದುಪಡಿ ಬೇಡ. "ಊಟದ ಸಾಮಾನು?" ಎಂದರೆ ಆ ಚೀಟಿ ಕೊಡಿ. ಹೇಳಿದ ಪದಾರ್ಥ ಬೇಡವಾದರೆ ತೆಗೆದು ಬಿಸಾಡುತ್ತಾರೆ ಅಷ್ಟೇ. ಹೇಳದೆ ಸಿಕ್ಕಿದ್ದಕ್ಕೆ ದಂಡ. ಪಕ್ಕಕ್ಕೆ ನಿಲ್ಲಿಸಿ ಎಂದರೆ ಗಾಬರಿ ಬೇಡ, ಹೊರಗಿನ ಸ್ಟೋರೇಜ್‌ನ ಬೀಗದ ಕೈ ಮಾತ್ರ ಕೈಗೆ ಸಿಗುವಂತಿರಲಿ.

ದಾಟಿದ ಮೇಲೆ ಕಷ್ಟ ಕಡಿಮೆ. ಕರೆಂಟು ಅದೇ 120 ವೋಲ್ಟ್, ಅದೇ 30 ಮತ್ತು 50 ಆಂಪ್ ಪ್ಲಗ್ಗು, ನೀರಿನ ಪೈಪಿನ ತಿರುಪೂ ಅದೇ. ಗಾಡಿಯ ಕೊಳಚೆ ನೀರು ಖಾಲಿ ಮಾಡುವ ಡಂಪ್ ಸ್ಟೇಷನ್‌ಗೆ ಅಲ್ಲಿ ಸ್ಯಾನಿ-ಡಂಪ್ ಎನ್ನುತ್ತಾರೆ. ಸೇತುವೆಗಳ ಎತ್ತರ ಮೀಟರಿನಲ್ಲಿ ಬರೆದಿರುತ್ತದೆ, ಅದನ್ನು ಓಡಿಸುತ್ತಾ ಲೆಕ್ಕ ಹಾಕಲಾಗುವುದಿಲ್ಲ. ಚಾವಣಿಯ ಎಸಿ ಸೇರಿಸಿ ಅಳೆದು, ಉದಾಹರಣೆಗೆ 11 ಅಡಿಯಾದರೆ 3.35, 12 ಅಡಿ 6 ಇಂಚಾದರೆ 3.81 ಮೀಟರ್ ಎಂದು ಚೀಟಿ ಬರೆದು ಡ್ಯಾಶ್‌ಬೋರ್ಡಿಗೆ ಅಂಟಿಸಿ. ವೇಗ 100 ಎಂದರೆ 62 ಮೈಲಿ. ಪಂಪಿನ ಹಿಡಿಕೆಯ ಬಣ್ಣ ನಂಬಬೇಡಿ: ಅಮೆರಿಕದಲ್ಲಿ ಡೀಸೆಲ್ ಹೆಚ್ಚಾಗಿ ಹಸಿರು, ಅಲ್ಲಿ ಹೆಚ್ಚಾಗಿ ಹಳದಿ. ಅಕ್ಷರ ಓದಿ ಹಾಕಿ. ಅಕ್ಟೋಬರ್ 1ರ ನಂತರ ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ರಸ್ತೆಗಳಿಗೆ ಎಂ+ಎಸ್ (ಕೆಸರು, ಹಿಮಕ್ಕೆ ತಕ್ಕದ್ದು) ಗುರುತಿನ, ಕನಿಷ್ಠ 3.5 ಮಿ.ಮೀ. ಪಟ್ಟಿ ಉಳಿದಿರುವ ಟೈರ್ ಕಡ್ಡಾಯ, ಹೆಚ್ಚಿನ ಕಡೆ ಏಪ್ರಿಲ್ 30ರವರೆಗೆ.

ಪ್ರೊಪೇನ್‌ನಲ್ಲಿ ಒಂದು ತೊಡಕಿದೆ. ಬಿಡಿ ಸಿಲಿಂಡರ್ ಅಮೆರಿಕದಲ್ಲಿ ತಯಾರಾದ ದಿನದಿಂದ 12 ವರ್ಷ ನಡೆಯುತ್ತದೆ, ಕೆನಡಾದಲ್ಲಿ 10 ವರ್ಷಕ್ಕೇ ಮರುಪರೀಕ್ಷೆ ಆಗಬೇಕು. ಮೇಲಿನ ಹಿಡಿಕೆಯ ಕಾಲರಿನಲ್ಲಿ ತಿಂಗಳು, ವರ್ಷ ಒತ್ತಿರುತ್ತಾರೆ. 11 ವರ್ಷದ ಸಿಲಿಂಡರಿಗೆ ಮನೆಯ ಹತ್ತಿರ ಗ್ಯಾಸ್ ತುಂಬಿದವರು ಸಿಕ್ಕರೂ ಅಲ್ಲಿ ತಲೆ ಅಲ್ಲಾಡಿಸುತ್ತಾರೆ. ಮೋಟರ್‌ಹೋಮಿನ ಚಾಸಿಗೇ ಬಿಗಿದಿರುವ ಟ್ಯಾಂಕಿಗೆ ಈ ಲೆಕ್ಕವಿಲ್ಲ. ಅಲ್ಲಿ ಲೀಟರಿನಲ್ಲಿ ಅಳೆಯುತ್ತಾರೆ, 20 ಪೌಂಡಿನ ಸಿಲಿಂಡರಿಗೆ ಸುಮಾರು 17.8 ಲೀಟರ್ ಹಿಡಿಸುತ್ತದೆ. 25 ಲೀಟರಿಗೆ ಬಿಲ್ಲು ಬಂದರೆ ಪ್ರಶ್ನೆ ಕೇಳಿ.

ವಾಪಸ್ ಬರುವಾಗ ಫ್ರಿಜ್ಜಿನ ಪರೀಕ್ಷೆ ಜೋರು. ಹಣ್ಣು, ತರಕಾರಿ, ಮೊಟ್ಟೆ, ಮಾಂಸ ಉಳಿದಿದ್ದರೆ ಹೇಳಿ, ಹೇಳದಿದ್ದರೆ ಮೊದಲ ಸಲವೇ 1,000 ಡಾಲರ್‌ವರೆಗೆ ದಂಡ ಹಾಕಬಹುದು. ನಾಯಿ ಇದ್ದರೆ 2024ರ ಆಗಸ್ಟ್ 1ರಿಂದ ಬಂದ ನಿಯಮದಂತೆ ಅದಕ್ಕೆ ಆರು ತಿಂಗಳು ತುಂಬಿರಬೇಕು, ಮೈಯಲ್ಲಿ ಮೈಕ್ರೋಚಿಪ್ ಇರಬೇಕು, ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿಯ ಆನ್‌ಲೈನ್ ಫಾರ್ಮ್ ತುಂಬಿದ ರಸೀದಿ ಇರಬೇಕು. ಹೋಗುವಾಗ ಕೆನಡಾದವರು ರೇಬಿಸ್ ಲಸಿಕೆಯ ಪತ್ರ ಕೇಳುತ್ತಾರೆ. ಆಮೇಲೆ ಕರಿಬೇವು. ಟೊರಾಂಟೊ, ಸರ್‍ರೆಯ ಅಂಗಡಿಗಳಲ್ಲಿ ಕಟ್ಟುಗಟ್ಟಲೆ ಸಿಗುತ್ತದೆ, ಕೈ ತಡೆಯುವುದಿಲ್ಲ. ಅದು ನಿಂಬೆ ಕಿತ್ತಳೆಯ ಕುಟುಂಬದ ಗಿಡ. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗ ಹರಡುವ ಸಣ್ಣ ಕೀಟ ಅದರ ಎಲೆಯಲ್ಲೂ ಬದುಕುತ್ತದೆ, ಆದ್ದರಿಂದ ಹಸಿ ಎಲೆ ಕಂಡರೆ ಕಿತ್ತುಕೊಳ್ಳುತ್ತಾರೆ. ಕೊನೆಯ ಕ್ಯಾಂಪಿನ ಒಗ್ಗರಣೆಗೆ ಪೂರ್ತಿ ಹಾಕಿ ಮುಗಿಸಿ, ಕ್ರಿಸ್ಪರ್ ಡಬ್ಬಿ ಹೊರಗೆಳೆದು ಅದರ ಹಿಂದೆ ಬಿದ್ದಿರುವ ಒಂದೆರಡು ಎಲೆಯನ್ನೂ ಆರಿಸಿಬಿಡಿ.