ಎಡ ಕ್ರ್ಯಾಂಕ್ ಪದೇ ಪದೇ ಸಡಿಲವಾಗುತ್ತಿದ್ದರೆ

ಎಡಗಡೆ ಕ್ರ್ಯಾಂಕ್ (ಪೆಡಲ್ ಕೂರುವ ತೋಳು) ಅಲ್ಲಾಡಿತು ಅಂತ ಬೋಲ್ಟ್ ಬಿಗಿ ಮಾಡಿಸಿಕೊಂಡು ಬರುವುದು, ಎರಡು ವಾರ ಕಳೆದರೆ ಮತ್ತೆ ಅದೇ ಅಂಗಡಿಗೆ ಹೋಗುವುದು. ಗೇರ್ ಸೈಕಲ್, ಹೈಬ್ರಿಡ್ ಸೈಕಲ್ ಇಟ್ಟುಕೊಂಡವರಲ್ಲಿ ಬಹಳ ಜನರ ಪಾಡು ಇದು. ಸಡಿಲವಾದ ಕ್ರ್ಯಾಂಕ್ ಮೇಲೆ ಹತ್ತಾರು ಕಿಲೋಮೀಟರ್ ತುಳಿದ ಮೇಲೆ ಬೋಲ್ಟ್ ಎಷ್ಟೇ ತಿರುಗಿಸಿದರೂ ಅದು ನಿಲ್ಲುವುದಿಲ್ಲ. ಅಷ್ಟು ಹೊತ್ತಿಗೆ ಕ್ರ್ಯಾಂಕಿನ ಚೌಕ ತೂತೇ ಕೆಟ್ಟಿರುತ್ತದೆ. ಅಂಥದ್ದನ್ನು ಬದಲಿಸದೆ ಬೇರೆ ದಾರಿ ಇಲ್ಲ.

ಈ ಸೈಕಲ್‌ಗಳಲ್ಲಿ ಹೆಚ್ಚಾಗಿ ಇರುವುದು ಸ್ಕ್ವೇರ್ ಟೇಪರ್ ಜೋಡಣೆ. ಎರಡೂ ಕ್ರ್ಯಾಂಕ್‌ಗಳನ್ನು ಸೇರಿಸುವ ಉಕ್ಕಿನ ಆಕ್ಸೆಲ್‌ನ ತುದಿ ಚೌಕವಾಗಿರುತ್ತದೆ, ಹೊರಕ್ಕೆ ಹೋದಂತೆ ಪ್ರತಿ ಮುಖವೂ 2 ಡಿಗ್ರಿ ಇಳಿಜಾರಾಗಿ ಸಣ್ಣದಾಗುತ್ತದೆ. ಅಲ್ಯೂಮಿನಿಯಂ ಕ್ರ್ಯಾಂಕ್ ಅದರ ಮೇಲೆ ಹತ್ತಿ ಬಿಗಿಯಾಗಿ ಕೂರಬೇಕು. ಕ್ರ್ಯಾಂಕನ್ನು ಹಿಡಿಯುವುದು ಆ ಒತ್ತಡ. ಬೋಲ್ಟ್ ಇರುವುದು ಅದನ್ನು ಒಳಕ್ಕೆ ಒತ್ತಿ ಇಡಲು. ಒತ್ತಡ ಸ್ವಲ್ಪ ಕಡಿಮೆಯಾದರೂ ಪ್ರತಿ ತುಳಿತಕ್ಕೂ ಗಟ್ಟಿ ಉಕ್ಕಿನ ಅಂಚು ಮೆತ್ತಗಿನ ಅಲ್ಯೂಮಿನಿಯಂ ಅನ್ನು ತಿನ್ನುತ್ತಾ ಹೋಗುತ್ತದೆ, ಚೌಕದ ಮೂಲೆಗಳು ಉರುಟಾಗುತ್ತವೆ.

ಎಡಗಡೆಯದೇ ಯಾಕೆ ಮೊದಲು ಹೋಗುತ್ತದೆ? ಬಲಗಾಲಿನ ಬಲ ಕ್ರ್ಯಾಂಕ್‌ನಿಂದ ನೇರವಾಗಿ ಅದಕ್ಕೇ ಅಂಟಿರುವ ಚೈನ್‌ರಿಂಗ್‌ಗೆ (ಚೈನ್ ಓಡುವ ಹಲ್ಲಿನ ಚಕ್ರ) ಹೋಗುತ್ತದೆ, ಆಕ್ಸೆಲ್‌ನ ಚೌಕಕ್ಕೆ ಬೀಳುವುದು ಬಾಗಿಸುವ ಹೊರೆ ಮಾತ್ರ. ಎಡಗಾಲಿನ ಬಲ ಆಕ್ಸೆಲ್ ಮೂಲಕವೇ ಬಲಗಡೆಗೆ ದಾಟಬೇಕು. ಹಾಗಾಗಿ ಎಡ ಚೌಕ ಬಾಗುವ ಹೊರೆ, ತಿರುಚುವ ಹೊರೆ ಎರಡನ್ನೂ ಒಟ್ಟಿಗೆ ಹೊರುತ್ತದೆ. ಗುಂಡಿ ಬಿದ್ದ ರಸ್ತೆಯಲ್ಲಿ ಎಡಗಾಲು ಹಿಂದಿಟ್ಟು ಸೀಟಿನಿಂದ ಎದ್ದು ನಿಂತರೆ ಆ ತಿರುಚು ಉಲ್ಟಾ ದಿಕ್ಕಿಗೆ ಬೀಳುತ್ತದೆ. ಹಿಂದೆ ಮುಂದೆ ಅಲುಗಾಡುವ ಜಾಗ ಯಾವತ್ತೂ ಬೇಗ ಸವೆಯುತ್ತದೆ.

ಮೊದಲು ತೊಂದರೆ ಕ್ರ್ಯಾಂಕ್‌ನದೋ ಬೇರಿಂಗ್‌ನದೋ ಅಂತ ಗೊತ್ತುಮಾಡಿಕೊಳ್ಳಿ. ಎರಡೂ ಕ್ರ್ಯಾಂಕ್‌ಗಳನ್ನು ಒಂದೊಂದು ಕೈಯಲ್ಲಿ ಹಿಡಿದು ಫ್ರೇಮ್ ಕಡೆಗೂ ಹೊರಕ್ಕೂ ಅಲ್ಲಾಡಿಸಿ. ಎರಡೂ ಸೇರಿ ಅಲ್ಲಾಡಿದರೆ ಬಾಟಮ್ ಬ್ರ್ಯಾಕೆಟ್, ಅಂದರೆ ಆಕ್ಸೆಲ್ ತಿರುಗುವ ಬೇರಿಂಗ್, ಸವೆದಿದೆ. ಒಂದು ಗಟ್ಟಿಯಾಗಿದ್ದು ಇನ್ನೊಂದು ಮಾತ್ರ ಆಡಿದರೆ ಆಡುತ್ತಿರುವ ಕ್ರ್ಯಾಂಕ್ ಕೆಟ್ಟಿದೆ. ಆಮೇಲೆ ಬೋಲ್ಟ್ ಬಿಚ್ಚಿ ಒಳಗೆ ನೋಡಿ. ಬೋಲ್ಟ್ ಅಥವಾ ವಾಷರ್ ಕೂರುವ ಮಟ್ಟಕ್ಕಿಂತ ಆಕ್ಸೆಲ್‌ನ ತುದಿ ಒಂದೆರಡು ಮಿ.ಮೀ. ಒಳಗಿರಬೇಕು. ಎರಡೂ ಒಂದೇ ಮಟ್ಟಕ್ಕೆ ಬಂದಿದ್ದರೆ ಬೋಲ್ಟ್ ಆಕ್ಸೆಲ್‌ಗೇ ತಾಗಿ ನಿಲ್ಲುತ್ತಿದೆ, ಕ್ರ್ಯಾಂಕನ್ನು ಒತ್ತುತ್ತಲೇ ಇಲ್ಲ ಅಂತ ಅರ್ಥ. ಕೆಲವರು ಸಂದಿಗೆ ತಗಡಿನ ಚೂರು ಸೇರಿಸಿ ಬಡಿದು ಕೂರಿಸುತ್ತಾರೆ. ದಯವಿಟ್ಟು ಬೇಡ. ಟ್ರಾಫಿಕ್ ಮಧ್ಯೆ ಎದ್ದು ನಿಂತು ತುಳಿಯುವಾಗ ಅದು ಕಳಚಿಕೊಂಡರೆ ಮುಖ ಕೆಳಗಾಗಿ ಬೀಳುತ್ತೀರಿ.

ಬಿಚ್ಚಲು ಕ್ರ್ಯಾಂಕ್ ಪುಲ್ಲರ್ ಬೇಕು, ಅದರ ಥ್ರೆಡ್ 22 ಮಿ.ಮೀ. ಬೋಲ್ಟ್ ಜೊತೆ ಅದರ ವಾಷರ್ ಕೂಡ ಹೊರಬಂದಿದೆಯಾ ಅಂತ ಬೆರಳಿಟ್ಟು ನೋಡಿ. ವಾಷರ್ ಒಳಗೇ ಉಳಿದರೆ ಪುಲ್ಲರ್ ಅದನ್ನೇ ತಳ್ಳಿ ಕ್ರ್ಯಾಂಕಿನ ಥ್ರೆಡ್ಡನ್ನು ಕಿತ್ತುಹಾಕುತ್ತದೆ. ಥ್ರೆಡ್‌ನ ಮಣ್ಣು ಒರೆಸಿ, ಪುಲ್ಲರನ್ನು ಕೈಯಲ್ಲೇ ಕೊನೆವರೆಗೆ ತಿರುಗಿಸಿ, ಸ್ಪ್ಯಾನರ್ ಆಮೇಲೆ ಹಾಕಿ. ಥ್ರೆಡ್ ಮೊದಲೇ ಹೋಗಿದ್ದರೆ ಮೋಟಾರ್ ಮೆಕ್ಯಾನಿಕ್‌ಗಳ ಹತ್ತಿರ ಇರುವ ಎರಡು ಕಾಲಿನ ಬೇರಿಂಗ್ ಪುಲ್ಲರ್ ಸಾಕು.

ಈಗ ಹೊಸದನ್ನು ಆರಿಸುವುದು. ಬಲಗಡೆಯ ಚೌಕ ಚೆನ್ನಾಗಿದ್ದು ಹಲ್ಲುಗಳು ಚೂಪಾಗಿಲ್ಲದಿದ್ದರೆ ಎಡಗಡೆಯದೊಂದೇ ಕೊಂಡರೆ ಸಾಕು, ಇಡೀ ಸೆಟ್ಟಿಗೆ ದುಡ್ಡು ಹಾಕಬೇಡಿ. ಆದರೆ ಆಕ್ಸೆಲ್‌ನ ತುದಿಯನ್ನೂ ನೋಡಿ. ಅದರ ಮೂಲೆಗಳು ಉರುಟಾಗಿದ್ದರೆ ಹೊಸ ಕ್ರ್ಯಾಂಕೂ ಅದೇ ಗತಿ ಕಾಣುತ್ತದೆ. ಹಳೆಯ ಕ್ರ್ಯಾಂಕಿನ ಒಳಮೈಯಲ್ಲಿ ಉದ್ದ ಒತ್ತಿರುತ್ತಾರೆ: 165, 170, 175 ಮಿ.ಮೀ. ಹೀಗೆ. ಅದೇ ಉದ್ದದ್ದನ್ನೇ ಕೊಳ್ಳಿ. ಚೌಕದಲ್ಲಿ ಜೆಐಎಸ್ (ಜಪಾನಿನ ಮಾನಕ), ಐಎಸ್‌ಓ (ಅಂತರರಾಷ್ಟ್ರೀಯ ಮಾನಕ) ಅಂತ ಎರಡು ಅಳತೆ ಇವೆ. ಶಿಮಾನೋ ಮತ್ತು ಏಷ್ಯಾದಲ್ಲಿ ತಯಾರಾಗುವ ಹೆಚ್ಚಿನ ಕ್ರ್ಯಾಂಕ್‌ಗಳು ಜೆಐಎಸ್. ಕ್ಯಾಂಪನ್ಯೋಲೋದಂಥ ಇಟಲಿಯ ಹಳೆಯ ಸೆಟ್‌ಗಳು ಐಎಸ್‌ಓ. ಇಳಿಜಾರು ಎರಡಕ್ಕೂ ಒಂದೇ, ತುದಿಯ ದಪ್ಪ ಬೇರೆ. ಐಎಸ್‌ಓ ಆಕ್ಸೆಲ್‌ಗೆ ಜೆಐಎಸ್ ಕ್ರ್ಯಾಂಕ್ ಹಾಕಿದರೆ ತೀರಾ ಒಳಕ್ಕೆ ಹೋಗಿ ಬೋಲ್ಟ್ ಆಕ್ಸೆಲ್‌ಗೆ ತಾಗಿ ನಿಲ್ಲಬಹುದು, ಮತ್ತೆ ಸಡಿಲದ ಕಥೆ.

ಇಡೀ ಸೆಟ್ ಬದಲಿಸುವುದಾದರೆ ಲೆಕ್ಕ ಜಾಸ್ತಿ. ಮೂರು ರಿಂಗಿನ ಹೈಬ್ರಿಡ್‌ಗೆ 48-38-28 ಹಲ್ಲು, ಎಂಟಿಬಿಗೆ (ಮೌಂಟನ್ ಬೈಕ್) 42-34-24 ಸಾಮಾನ್ಯ. ಚೈನನ್ನು ರಿಂಗಿನಿಂದ ರಿಂಗಿಗೆ ಸರಿಸುವ ಮುಂದಿನ ಡಿರೇಲರ್‌ನ ಬಾಗು ದೊಡ್ಡ ರಿಂಗಿಗೆ ಹೊಂದುವಂತೆ ಇರುತ್ತದೆ, ಹಾಗಾಗಿ ದೊಡ್ಡ ರಿಂಗಿನ ಹಲ್ಲಿನ ಸಂಖ್ಯೆ ಹಳೆಯದರಷ್ಟೇ ಇರಲಿ. ಇದಕ್ಕಿಂತ ಜನ ಹೆಚ್ಚು ಎಡವುವುದು ಚೈನ್‌ಲೈನ್‌ನಲ್ಲಿ, ಅಂದರೆ ಸೀಟ್ ಟ್ಯೂಬಿನ ನಡುಗೆರೆಯಿಂದ ಮಧ್ಯದ ರಿಂಗಿನ ಹಲ್ಲಿಗೆ ಇರುವ ದೂರ. ಟ್ಯೂಬ್ 31.8 ಮಿ.ಮೀ. ದಪ್ಪ ಇದ್ದರೆ ಅರ್ಧ 15.9, ಟ್ಯೂಬಿನ ಹೊರಮೈಯಿಂದ ಹಲ್ಲಿಗೆ 32 ಬಂದರೆ ಒಟ್ಟು ಹತ್ತಿರ ಹತ್ತಿರ 48. ಮೂರು ರಿಂಗಿನ ಎಂಟಿಬಿಗಳಲ್ಲಿ 47.5 ಅಥವಾ 50, ರೋಡ್ ಸೈಕಲ್‌ನ ಎರಡು ರಿಂಗಿನದರಲ್ಲಿ 43.5 ರೂಢಿ. ಹಳೆಯದನ್ನು ಬಿಚ್ಚುವ ಮೊದಲೇ ಅಳೆದು ಬರೆದಿಟ್ಟುಕೊಳ್ಳಿ. ಹೊಸ ಸೆಟ್ಟಿಗೆ ಎಷ್ಟು ಉದ್ದದ ಆಕ್ಸೆಲ್ ಬೇಕು ಅಂತ ತಯಾರಕರೇ ಹೇಳಿರುತ್ತಾರೆ. ಎರಡೂ ಕಡೆ ಸಮನಾಗಿರುವ ಆಕ್ಸೆಲ್ 3 ಮಿ.ಮೀ. ಉದ್ದವಾದರೆ ಚೈನ್‌ಲೈನ್ 1.5 ಮಿ.ಮೀ. ಹೊರಕ್ಕೆ ಹೋಗುತ್ತದೆ. ಶೆಲ್ಲಿನ (ಬಾಟಮ್ ಬ್ರ್ಯಾಕೆಟ್ ಕೂರುವ ಫ್ರೇಮಿನ ಕೊಳವೆ) ಅಗಲ 68 ಅಥವಾ 73 ಮಿ.ಮೀ. ಇರಬಹುದು, ಅದನ್ನೂ ಅಳೆಯಿರಿ. ಬಿಎಸ್‌ಎ ಅನ್ನುವ ಥ್ರೆಡ್ ಅಳತೆಯಲ್ಲಿ ಬಲಗಡೆಯ ಕಪ್ (ಬೇರಿಂಗನ್ನು ಶೆಲ್ಲಿನಲ್ಲಿ ಹಿಡಿಯುವ ಬಳೆ) ಎಡ ಥ್ರೆಡ್, ಅಂದರೆ ಬಿಚ್ಚಲು ಗಡಿಯಾರದ ದಿಕ್ಕಿಗೇ ತಿರುಗಿಸಬೇಕು.

ಕೂರಿಸುವಾಗ ಎರಡೂ ಮೈ ಬಟ್ಟೆಯಲ್ಲಿ ಒರೆಸಿ. ಚೌಕಕ್ಕೆ ಗ್ರೀಸ್ ಹಚ್ಚಬೇಕೋ ಬೇಡವೋ ಅನ್ನುವ ವಾದ ಹಳೆಯದು; ತೆಳುವಾಗಿ ಸವರಿದರೂ ಒಣಗಿದ್ದರೂ ನಡೆಯುತ್ತದೆ. ಬೋಲ್ಟ್‌ನ ಥ್ರೆಡ್‌ಗೂ ತಲೆಯ ಕೆಳಗೂ ಮಾತ್ರ ಗ್ರೀಸ್ ಇರಲೇಬೇಕು. ಬಿಗಿ 35ರಿಂದ 45 ನ್ಯೂಟನ್ ಮೀಟರ್. ಟಾರ್ಕ್ ರೆಂಚ್ ಇಲ್ಲದವರು ಹೀಗೆ ಲೆಕ್ಕ ಹಾಕಬಹುದು: 20 ಸೆಂ.ಮೀ. ಉದ್ದದ ಹಿಡಿಯ ತುದಿಯಲ್ಲಿ 20 ಕೆ.ಜಿ. ಭಾರ ಹಾಕಿದರೆ ಸುಮಾರು 40. ಜೇಬಿನ ಮಲ್ಟಿ ಟೂಲ್‌ನ ಹಿಡಿ ಅದರ ಅರ್ಧವೂ ಇರುವುದಿಲ್ಲ, ಸಡಿಲದ ಮೂಲ ಎಷ್ಟೋ ಸಲ ಅಲ್ಲೇ ಇರುತ್ತದೆ. 50 ಕಿ.ಮೀ. ಓಡಿಸಿದ ಮೇಲೆ ಒಮ್ಮೆ ಬಿಗಿ ನೋಡಿ. ಆಮೇಲೆ ವಾರವಾರವೂ ಬಿಗಿ ಮಾಡುತ್ತಾ ಕೂರಬೇಡಿ. ಕ್ರ್ಯಾಂಕ್ ಇನ್ನೂ ಇನ್ನೂ ಒಳಕ್ಕೆ ಹತ್ತಿ ಕೊನೆಗೆ ಸೀಳುತ್ತದೆ.

ಪೆಡಲ್‌ನ ತೂತು 9/16 ಇಂಚು, ಇಂಚಿಗೆ 20 ಥ್ರೆಡ್. ಎಡ ಪೆಡಲ್ ಎಡ ಥ್ರೆಡ್. ಅಡ್ಡಕ್ಕೆ ಸಿಕ್ಕಿಕೊಂಡರೆ ಬಲವಂತ ಮಾಡದೆ ಬಿಚ್ಚಿ ಮತ್ತೆ ಬೆರಳಲ್ಲೇ ಶುರುಮಾಡಿ.

ಬಿರುಕು ಬಿಡುವ ಕ್ರ್ಯಾಂಕ್‌ಗಳ ವಿಷಯ ಬೇರೆ. ಅಲ್ಯೂಮಿನಿಯಂಗೆ ಉಕ್ಕಿನಂತೆ ಸುರಕ್ಷಿತ ಮಿತಿ ಇಲ್ಲ. ಸಣ್ಣ ಹೊರೆಯೂ ಲಕ್ಷಾಂತರ ಸಲ ಬಿದ್ದರೆ ಬಿರುಕು ಹುಟ್ಟುತ್ತದೆ. ಮುಖ್ಯವಾಗಿ ಪೆಡಲ್ ತೂತಿನ ಸುತ್ತ, ಸ್ಪೈಡರ್‌ನ (ಚೈನ್‌ರಿಂಗ್ ಹಿಡಿಯುವ ಕವಲು) ಕಾಲು ತೋಳಿಗೆ ಸೇರುವ ಮೂಲೆಯಲ್ಲಿ. ಎಣ್ಣೆ ಕೊಳೆ ತೊಳೆದು ಬೆಳಕಿಗೆ ಹಿಡಿದು ನೋಡಿ. ಕೂದಲೆಳೆಯಂಥ ಕಪ್ಪು ಗೆರೆ ಉಗುರಿಗೆ ಸಿಕ್ಕಿದರೆ ಆ ಕ್ರ್ಯಾಂಕ್ ಗುಜರಿಗೆ. ಮುರಿದ ಕ್ರ್ಯಾಂಕಿನ ಮುಖ ನೋಡಿದರೆ ಒಂದು ಭಾಗ ನುಣುಪಾಗಿ ಕಪ್ಪಾಗಿರುತ್ತದೆ, ಇನ್ನೊಂದು ಭಾಗ ಹರಳು ಹರಳಾಗಿ ಹೊಳೆಯುತ್ತದೆ. ಕಪ್ಪು ಭಾಗ ತಿಂಗಳುಗಟ್ಟಲೆ ನಿಧಾನವಾಗಿ ಬಿರಿದದ್ದು, ಹೊಳೆಯುವುದು ಕೊನೆಯ ಒಂದು ತುಳಿತಕ್ಕೆ ಹೋದದ್ದು.

ಸೆಕೆಂಡ್ ಹ್ಯಾಂಡ್ ರೋಡ್ ಸೈಕಲ್ ಕೊಳ್ಳುವವರು ಇನ್ನೊಂದು ನೋಡಬೇಕು. ಎರಡು ಹೋಳು ಅಂಟಿಸಿ ಮಾಡಿದ 11 ಸ್ಪೀಡ್ ಅಲ್ಟೆಗ್ರಾ, ಡ್ಯುರಾ-ಏಸ್ ಕ್ರ್ಯಾಂಕ್‌ಗಳ ಅಂಟು ಬಿಡುತ್ತದೆ ಅಂತ ಶಿಮಾನೋ 2023ರ ಸೆಪ್ಟೆಂಬರ್‌ನಲ್ಲಿ ತಪಾಸಣೆಗೆ ಕರೆ ಕೊಟ್ಟಿತು. ಅಮೆರಿಕದಲ್ಲೇ ಸುಮಾರು 6,80,000 ಸೆಟ್‌ಗಳು, ಅಂಟು ಬಿಟ್ಟ 4,519 ಪ್ರಕರಣಗಳು. 2012ರ ಜೂನ್‌ನಿಂದ 2019ರ ಜೂನ್‌ವರೆಗೆ ತಯಾರಾದವು ಇದರಲ್ಲಿ ಬರುತ್ತವೆ. ತೋಳಿನ ಒಳಮೈಯಲ್ಲಿರುವ ಎರಡಕ್ಷರದ ಕೋಡ್ ಕೆಎಫ್‌ನಿಂದ ಆರ್‌ಎಫ್‌ವರೆಗೆ. ಮೊದಲ ಅಕ್ಷರ ವರ್ಷ, ಎರಡನೆಯದು ತಿಂಗಳು. ಕಟಕಟ ಸದ್ದು, ಅಂಟಿನ ಸಾಲಿನಲ್ಲಿ ಸಂದಿ ಕಂಡರೆ ಓಡಿಸಬೇಡಿ.

ಹಳೆಯ ಕಪ್ಪು ಸೈಕಲ್‌ಗಳ ಕಾಟರ್ ಪಿನ್ (ಕ್ರ್ಯಾಂಕನ್ನು ಆಕ್ಸೆಲ್‌ಗೆ ಬಿಗಿಯುವ ಬೆಣೆಯಂಥ ಪಿನ್) ಕ್ರ್ಯಾಂಕ್‌ಗೆ ಇಷ್ಟೇ: ಪಿನ್‌ನ ದಪ್ಪ ಅಳೆದು ಕೊಳ್ಳಿ, 9 ಮತ್ತು 9.5 ಮಿ.ಮೀ. ಎರಡೂ ಸಿಗುತ್ತವೆ. ಎಡ ಬಲದ ಪಿನ್‌ಗಳು ಒಂದಕ್ಕೊಂದು ವಿರುದ್ಧ ದಿಕ್ಕಿನಲ್ಲಿ ಹೋಗಬೇಕು, ಇಲ್ಲದಿದ್ದರೆ ಕ್ರ್ಯಾಂಕ್‌ಗಳು ಒಂದೇ ಗೆರೆಯಲ್ಲಿ ನಿಲ್ಲುವುದಿಲ್ಲ. ಕ್ರ್ಯಾಂಕಿನ ಕೆಳಗೆ ಪೈಪಿನ ತುಂಡು ಆನಿಸಿ ಸುತ್ತಿಗೆಯಲ್ಲಿ ಪಿನ್ ಕೂರಿಸಿ, ಆಮೇಲೆ ನಟ್ ಹಾಕಿ. ನಟ್ ತಿರುಗಿಸಿಯೇ ಪಿನ್ ಎಳೆಯಲು ಹೋದರೆ ಪಿನ್‌ನ ಥ್ರೆಡ್ ಹರಿಯುತ್ತದೆ.