ಅಕ್ಕನಿಗೆ ಕಹಿ, ತಮ್ಮನಿಗೆ ಬರೀ ಕಾಗದ

ಇವತ್ತು ಪಿಟಿಸಿ ಅನ್ನೋ ರಾಸಾಯನಿಕ ಹಚ್ಚಿದ ಕಾಗದದ ಚೂರು ನಾಲಿಗೆಗೆ ತಗುಲಿದ್ದೇ ಅಕ್ಕ ಮುಖ ಕಿವುಚಿ ನೀರಿಗೆ ಓಡಿದಳು. ತಮ್ಮ ಚಪ್ಪರಿಸಿ, "ಬರೀ ಕಾಗದ ಕಣೇ ಅಕ್ಕ" ಅಂದ.

ಇಬ್ಬರೂ ಹೇಳಿದ್ದು ನಿಜ.

ಏಳನೇ ಕ್ರೋಮೋಸೋಮಿನಲ್ಲಿ ಟಿಎಎಸ್2ಆರ್38 ಅಂತ ಒಂದು ಜೀನ್. ಅದರ ಪ್ರೋಟೀನಿನ 49, 262, 296ನೇ ಜಾಗದಲ್ಲಿ ಪ್ರೋಲಿನ್, ಅಲನಿನ್, ವ್ಯಾಲಿನ್ ಅನ್ನೋ ಅಮೈನೋ ಆಮ್ಲಗಳು ಇದ್ದರೆ ಕಹಿ ಗೊತ್ತಾಗುತ್ತೆ. ಅಲನಿನ್, ವ್ಯಾಲಿನ್, ಐಸೊಲ್ಯೂಸಿನ್ ಇರುವ ಪ್ರತಿಯೇ ಅಪ್ಪ ಅಮ್ಮ ಇಬ್ಬರಿಂದಲೂ ಬಂದರೆ ಹೆಚ್ಚುಕಮ್ಮಿ ಏನೂ ಗೊತ್ತಾಗಲ್ಲ.

ಮಾಡಿ ನೋಡೋರು ಮೊದಲು ಬಾಯಿ ಮುಕ್ಕಳಿಸಿ, ಪಿಟಿಸಿ ಇಲ್ಲದ ಕಾಗದ ಕೊಡಿ. ಇಲ್ಲಾಂದ್ರೆ ಕಾಗದದ ರುಚಿಯನ್ನೇ ಕಹಿ ಅಂತಾರೆ. ಬಾಯಿ ಒಣಗಿದ್ರೂ ಉತ್ತರ ತಪ್ಪುತ್ತೆ. ಎಂಜಲಲ್ಲಿ ಕರಗಿದರೇನೇ ರುಚಿ. ಇದನ್ನ ನೋಡಿ ಯಾರು ಯಾರ ಮಗು ಅಂತ ತೀರ್ಮಾನಿಸೋಕೆ ಮಾತ್ರ ದಯವಿಟ್ಟು ಹೋಗಬೇಡಿ.

1939ರಲ್ಲಿ ಫಿಶರ್, ಫೋರ್ಡ್, ಹಕ್ಸ್ಲಿ ಅನ್ನೋ ವಿಜ್ಞಾನಿಗಳು ಚಿಂಪಾಂಜಿಗಳಿಗೂ ಪಿಟಿಸಿ ಕೊಟ್ಟು ನೋಡಿದ್ರು. ಅಲ್ಲೂ ಎರಡು ಬಗೆ! ಈ ಭೇದ ಮನುಷ್ಯರಿಗೂ ಚಿಂಪಾಂಜಿಗಳಿಗೂ ಒಂದೇ ಆಗಿದ್ದ ಪೂರ್ವಜರ ಕಾಲದ್ದು ಅಂದುಕೊಂಡ್ರು. 2006ರಲ್ಲಿ ಡಿಎನ್‌ಎ ಓದಿದಾಗ ಬೇರೆಯೇ ಕಂಡಿತು. ರುಚಿ ಕಾಣದ ಚಿಂಪಾಂಜಿಯಲ್ಲಿ ಕೆಟ್ಟಿರೋದು ಜೀನಿನ ಶುರುವಿನ ಸಂಕೇತ, ಡಿಎನ್‌ಎ ಅಕ್ಷರಗಳಲ್ಲಿ ಎಟಿಜಿ ಇರಬೇಕಾದಲ್ಲಿ ಎಜಿಜಿ. ನಮ್ಮದು ಬೇರೆ, ಅವುಗಳದ್ದು ಬೇರೆ.

ಎಲೆಕೋಸು, ಸಾಸಿವೆಯ ಜಾತಿಯ ಕಹಿಯನ್ನೂ ನಾಲಿಗೆಯಲ್ಲಿ ಹಿಡಿಯೋ ಪ್ರೋಟೀನ್ ಇದು. ಎರಡು ಜೀವಜಾತಿಗಳಲ್ಲಿ, ಎರಡು ಸಲ, ಯಾಕೆ ಕೈಬಿಟ್ಟು ಹೋಯ್ತು ಅಂತಲೇ ಸಂಜೆಯಿಂದ ಯೋಚಿಸ್ತಾ ಇದೀನಿ.