ನನ್ನ ಓಟು ಡೀಪ್ ಸ್ಪೇಸ್ ನೈನ್‌ಗೇ

ದಾವಣಗೆರೆ, 14 ಜೂನ್ 2025, ಶನಿವಾರ

ಸಂಜೆ ಜಯದೇವ ಸರ್ಕಲ್ ಹತ್ರ ಮಂಡಕ್ಕಿ ಮಿರ್ಚಿ ತಿಂತಾ ಮತ್ತೆ ಅದೇ ವಾದ, ಸ್ಟಾರ್ ಟ್ರೆಕ್ ಅನ್ನೋ ಅಮೆರಿಕದ ಬಾಹ್ಯಾಕಾಶ ಕಥೆಯ ಸೀರಿಯಲ್ಲು, ಸಿನಿಮಾಗಳಲ್ಲಿ ಯಾವ್ದು ಒಳ್ಳೇದು ಅಂತ. ನಮ್ ಮಾವಂಗೆ ದೂರದರ್ಶನದಲ್ಲಿ ನೋಡಿದ ಮೊದಲ ಸೀರಿಯಲ್‌ನ ಕ್ಯಾಪ್ಟನ್ ಕಿರ್ಕ್, ಅವನ ಜೊತೆಗಾರ ಸ್ಪಾಕ್ ಬಿಟ್ರೆ ಬೇರೆ ಯಾರೂ ಲೆಕ್ಕಕ್ಕಿಲ್ಲ. ಚಿಕ್ಕಪ್ಪನ ಮಗ 2009ರ ಸಿನಿಮಾದಿಂದ ಶುರು ಮಾಡಿದೋನು, "ಮಾವ, ಆ ಹಳೇದ್ರಾಗೆ ಬಂಡೆಗಳೆಲ್ಲ ಥರ್ಮಾಕೋಲ್ ಕಂಡಂಗೆ ಕಾಣ್ತಾವೆ" ಅಂದ. ಮಾವ ಬಿಡ್ಲಿಲ್ಲ, "ಲೇ ತಮ್ಮಾ, ಅದು 1966ರದ್ದು, ಅಮೆರಿಕ ರಷ್ಯಾ ಹಲ್ಲು ಮಸೀತಿದ್ದ ಕಾಲ, ಆಗ ಒಂದೇ ಹಡಗಲ್ಲಿ ಕಪ್ಪು ಹೆಣ್ಮಗಳನ್ನ ಆಫೀಸರ್ ಮಾಡಿ, ರಷ್ಯನ್ ಹುಡುಗನ್ನೂ ಕೂರ್ಸಿದ್ರಲ್ಲೋ" ಅಂದ್ರು. ಈ ಮಾತಲ್ಲಿ ನಾನು ಮಾವನ ಕಡೆ.

ಆದ್ರೆ 2009ರ ಸಿನಿಮಾ ಹಳೇ ಕಥೆ ಹಾಳ್ ಮಾಡ್ತು ಅಂತ ಮಾವ ಅನ್ನೋದನ್ನ ಒಪ್ಪಲ್ಲ. ಸ್ಪಾಕ್‌ನ ತವರು ವಲ್ಕನ್ ಗ್ರಹ ನಾಶ ಆಗಿದ್ದು ಬೇರೆ ಟೈಮ್‌ಲೈನ್‌ನಲ್ಲಿ, ಮುದಿ ಸ್ಪಾಕ್ ಆಗಿ ಹಳೇ ಸೀರಿಯಲ್‌ನ ನಟ ಲಿಯೊನಾರ್ಡ್ ನಿಮಾಯ್ ಬಂದು ಅಲ್ಲಿ ನಿಲ್ತಾರಲ್ಲ, ಹಳೇದು ಹಂಗೇ ಇದೆ ಅಂತ ತಾನೇ ಅರ್ಥ.

1987ರ ಸ್ಟಾರ್ ಟ್ರೆಕ್ ಸೀರಿಯಲ್ಲು ನೆಕ್ಸ್ಟ್ ಜನರೇಶನ್ ನಂಗೂ ಪ್ರಾಣ. ಡೇಟಾ ಅನ್ನೋ ಆಂಡ್ರಾಯ್ಡ್ ಅವನು ಕೆಲಸ ಮಾಡೋ ಬಾಹ್ಯಾಕಾಶ ಪಡೆ ಸ್ಟಾರ್‌ಫ್ಲೀಟ್‌ನ ಸ್ವತ್ತೋ ಅಲ್ವೋ ಅಂತ ವಿಚಾರಣೆ ನಡೆಯೋ ಎಪಿಸೋಡಲ್ಲಿ ಸ್ನೇಹಿತ ರೈಕರ್ರೇ ಅವನ ವಿರುದ್ಧ ವಾದ ಮಾಡ್ಬೇಕಾಗುತ್ತೆ, ಎಲ್ರ ಮುಂದೆ ಸ್ವಿಚ್ ಆಫ್ ಮಾಡ್ತಾನೆ, ಡೇಟಾ ಮೇಜಿನ ಮೇಲೆ ಕುಸಿದು ಬೀಳ್ತಾನೆ. ಎಷ್ಟು ಸಲ ನೋಡಿದ್ರೂ ಹೊಟ್ಟೆಯೊಳಗೆ ಏನೋ ಆಗುತ್ತೆ. ಆದ್ರೆ ಮುಂದಿನ ವಾರ ಹಡಗು ಇನ್ನೆಲ್ಲೋ ಹೋಗಿರುತ್ತೆ!

1993ರಲ್ಲಿ ಶುರುವಾದ ಡೀಪ್ ಸ್ಪೇಸ್ ನೈನ್‌ನಲ್ಲಿ ಹಂಗೆ ಬಿಟ್ಟು ಹೋಗೋಕೆ ಆಗಲ್ಲ, ಅದು ಹಡಗಲ್ಲ, ಬಾಹ್ಯಾಕಾಶದಲ್ಲಿರೋ ಸ್ಟೇಶನ್ನು. ಕಾರ್ಡೇಸಿಯನ್ನರು ಅನ್ನೋ ಅನ್ಯಗ್ರಹದೋರು ಬಜೋರ್ ಗ್ರಹದ ಜನರನ್ನ ಗುಲಾಮ್ರನ್ನಾಗಿ ಇಟ್ಕೊಂಡು ಅದಿರು ಸಂಸ್ಕರಿಸ್ತಿದ್ದ ಜಾಗ, ಅವ್ರು ಬಿಟ್ಟು ಹೋದ್ಮೇಲೆ ಅಲ್ಲೇ ಬದುಕು ಕಟ್ಕೋಬೇಕು. ಕಾಟನ್ ಮಿಲ್ ಮುಚ್ಚಿದ್ಮೇಲೂ ಅದೇ ಓಣೀಲಿ ಉಳ್ಕೊಂಡ ಜನರನ್ನ ನೋಡಿ ಬೆಳೆದ ನನ್ನಂಥ ದಾವಣಗೆರೆಯೋನಿಗೆ ಈ ಕಥೆ ನೇರ ಒಳಗಿಳಿಯುತ್ತೆ.

1998ರ ಒಂದು ಎಪಿಸೋಡಲ್ಲಿ ಸ್ಟೇಶನ್ ನಡೆಸೋ ಕ್ಯಾಪ್ಟನ್ ಸಿಸ್ಕೊ ಒಬ್ನೇ ಕೂತು ದಿನಚರಿ ರೆಕಾರ್ಡ್ ಮಾಡ್ತಾನೆ. ಯುದ್ಧ ಸೋಲ್ತಿದೀವಿ, ಯಾರ ಕಡೆಗೂ ಸೇರದ ರೋಮ್ಯುಲನ್ನರು ಅನ್ನೋ ಅನ್ಯಗ್ರಹದೋರನ್ನ ನಮ್ ಕಡೆ ಎಳೀಬೇಕು ಅಂತ ಸುಳ್ಳು ಸಾಕ್ಷಿ ಹುಟ್ಟಿಸಿದ್ದು, ಅದು ರೋಮ್ಯುಲನ್ ಸೆನೆಟರ್ ಕೈಗೆ ಸಿಕ್ಕಿಬಿದ್ದಿದ್ದು, ಕೊನೆಗೆ ಸ್ಟೇಶನ್‌ನಲ್ಲಿ ದರ್ಜಿಯಾಗಿರೋ ಮಾಜಿ ಗೂಢಚಾರ ಗ್ಯಾರಾಕ್ ಆ ಸೆನೆಟರನ್ನ ಹಡಗಿನ ಸಮೇತ ಮುಗಿಸಿದ್ದು, ಎಲ್ಲಾ ಹೇಳ್ಕೊಂಡು, ಆಮೇಲೆ ಪೂರ್ತಿ ಅಳಿಸು ಅಂತ ಕಂಪ್ಯೂಟರ್‌ಗೆ ಹೇಳ್ತಾನೆ. ಸ್ಟಾರ್ ಟ್ರೆಕ್ ಹುಟ್ಟುಹಾಕಿದ ರಾಡೆನ್‌ಬೆರಿ ಕಂಡ ಒಳ್ಳೇ ನಾಳೆಯ ಕನಸಿಗೆ ಮಸಿ ಬಳಿದ್ರು ಅಂತ ತುಂಬಾ ಜನ ಬೈತಾರೆ. ನಂಗೆ ಹಂಗನ್ಸಲ್ಲ. ಆ ಕನಸನ್ನ ನಿಜವಾಗ್ಲೂ ನಂಬಿದೋನಿಗೆ ಮಾತ್ರ ತಾನು ಮಾಡಿದ್ದು ಅಷ್ಟು ಸುಡೋದು, ಸಿಸ್ಕೊ ಪಾತ್ರ ಮಾಡಿದ ಅವೆರಿ ಬ್ರೂಕ್ಸ್ ಮುಖದಲ್ಲಿ ಅದು ಕಾಣುತ್ತೆ.

ಚಿಕ್ಕಪ್ಪನ ಮಗ ಹೇಳಿದ್ದೂ ಸರಿ, ಡೀಪ್ ಸ್ಪೇಸ್ ನೈನ್‌ನ ಮೊದಲ ಸೀಸನ್ ಬೋರಾಗೋ ಹಂಗೆ ಎಳೆಯುತ್ತೆ. ಹಂಗಂತ ಅದ್ರಲ್ಲಿರೋ 'ಡ್ಯುಯೆಟ್' ಎಪಿಸೋಡ್ ಮಾತ್ರ ಬಿಡ್ಬಾರ್ದು, ಯುದ್ಧಾಪರಾಧಿ ಅಂತ ಹಿಡ್ಕೊಂಡ ಕಾರ್ಡೇಸಿಯನ್‌ನ ಎದುರು ಬಜೋರ್‌ನ ಹೆಣ್ಮಗಳು ಮೇಜರ್ ಕಿರಾ ಕೂರೋ ಕಥೆ, ಹೆಚ್ಚು ಕಮ್ಮಿ ಒಂದೇ ರೂಮು, ಇಬ್ರ ಮಾತು. ಅದು ನೋಡ್ಕೊಂಡು ಆಮೇಲೆ ಬೇಕಾದ್ರೆ ನೆಕ್ಸ್ಟ್ ಜನರೇಶನ್‌ನ ವೋರ್ಫ್ ಬರೋ ನಾಲ್ಕನೇ ಸೀಸನ್‌ಗೆ ಹಾರು ಅಂದೆ. ನಾಳೆ ಊಟ ಆದ್ಮೇಲೆ ನಮ್ಮನೇಲಿ ಹಾಕ್ತೀನಿ, ಮಾವನೂ ಬರ್ತಾರಂತೆ.